ಹೆಸರು ಕೇಳಿದ ಹಾಡುಗಾರ: ವುಡಿ ಗಥ್ರಿ

ಎಲ್ಲೋ ವಿಮಾನ ಬಿತ್ತು, ಹಡಗು ಮುಳುಗಿತು, ಗಣಿ ಕುಸಿಯಿತು ಅಂತ ಸುದ್ದಿ ಬಂದಾಗ ನಾವೆಲ್ಲ ಮೊದಲು ನೋಡೋದು ಸಂಖ್ಯೆಯನ್ನು. ಎಷ್ಟು ಜನ ಸತ್ತರು? ಎಂಜಿನಿಯರಿಂಗ್ ಓದುವ ನಮಗೆ ಎರಡನೇ ಪ್ರಶ್ನೆಯೂ ತಾನಾಗಿಯೇ ಬರುತ್ತೆ: ಯಾವ ಭಾಗ ಕೈಕೊಟ್ಟಿತು? ಸತ್ತವರು ಯಾರು, ಅವರ ಹೆಸರೇನು ಅಂತ ಕೇಳುವಷ್ಟರಲ್ಲಿ ಮುಂದಿನ ಸುದ್ದಿ ಬಂದಿರುತ್ತೆ. ಅಮೆರಿಕದ ಒಬ್ಬ ಹಾಡುಗಾರ ಮಾತ್ರ ಈ ಕೊನೆಯ ಪ್ರಶ್ನೆಯನ್ನೇ ಹಿಡಿದು ಕೂತ. ಆತನ ಹೆಸರು ವುಡಿ ಗಥ್ರಿ. ಬಾಬ್ ಡಿಲನ್ ಗೊತ್ತಿರುವವರಿಗೆ, ಡಿಲನ್ ಗುರು ಅಂತ ಒಪ್ಪಿಕೊಂಡ ಮನುಷ್ಯ ಅಂದರೆ ಬೇಗ ಗುರುತು ಸಿಗುತ್ತೆ. ಸುಮಾರು 3000 ಹಾಡು ಬರೆದ ಈತನ ಬದುಕನ್ನು ಇಲ್ಲಿ ಚಿಕ್ಕದಾಗಿ ಹೇಳ್ತೀವಿ. ಆದರೆ ದುರಂತಗಳಲ್ಲಿ ಸತ್ತವರ ನೆನಪಿಗೆ ಆತ ಕಟ್ಟಿದ ಹಾಡುಗಳ ಹತ್ತಿರ ಬಂದಾಗ ಸ್ವಲ್ಪ ಹೊತ್ತು ನಿಲ್ತೀವಿ.

ಬೆಂಕಿ ಬಿಡದ ಮನೆ

ವುಡಿ ಹುಟ್ಟಿದ್ದು 1912ರ ಜುಲೈ 14ರಂದು, ಒಕ್ಲಹೋಮ ರಾಜ್ಯದ ಒಕೀಮಾ ಎಂಬ ಸಣ್ಣ ಊರಿನಲ್ಲಿ. ಆ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ವುಡ್ರೊ ವಿಲ್ಸನ್ ಅವರ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ಚಾರ್ಲಿ ಜಮೀನು ವ್ಯಾಪಾರ ಮಾಡಿಕೊಂಡು ಊರ ರಾಜಕೀಯದಲ್ಲೂ ಕೈಯಾಡಿಸುತ್ತಿದ್ದವರು. ತಾಯಿ ನೋರಾ ಹಳೆಯ ಕಾಲದ ಕಥೆಹಾಡುಗಳನ್ನು, ನಾವು ಲಾವಣಿ ಅಂತೀವಲ್ಲ ಆ ಜಾತಿಯ ಹಾಡುಗಳನ್ನು, ಮಗನಿಗೆ ಹಾಡಿ ಕೇಳಿಸುತ್ತಿದ್ದರು.

ಆ ಊರಿಗೆ ಒಂದು ಕರಾಳ ನೆನಪೂ ಇತ್ತು. ವುಡಿ ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ, 1911ರ ಮೇ ತಿಂಗಳಲ್ಲಿ, ಲಾರಾ ನೆಲ್ಸನ್ ಎಂಬ ಕಪ್ಪು ಹೆಂಗಸನ್ನೂ ಆಕೆಯ ಹದಿಹರೆಯದ ಮಗನನ್ನೂ ಬಿಳಿಯರ ಗುಂಪೊಂದು ಹತ್ತಿರದ ನದಿ ಸೇತುವೆಗೆ ನೇಣು ಹಾಕಿತ್ತು. ಸೇತುವೆ ಮೇಲೆ ಜನ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು, ಆ ಫೋಟೋ ಅಂಚೆ ಕಾರ್ಡಾಗಿ ಮಾರಾಟವೂ ಆಯಿತು. ಯಾರಿಗೂ ಶಿಕ್ಷೆ ಆಗಲಿಲ್ಲ. ಆ ಗುಂಪಿನಲ್ಲಿ ತನ್ನ ತಂದೆಯೂ ಇದ್ದರು ಅಂತ ವುಡಿ ನಂಬಿದ್ದ. ದೊಡ್ಡವನಾದ ಮೇಲೆ ಆ ತಾಯಿ ಮಗನ ಮೇಲೆ ಒಂದಕ್ಕಿಂತ ಹೆಚ್ಚು ಹಾಡು ಬರೆದ.

ಮನೆಯೊಳಗಿನ ಸಂಕಟ ಬೇರೆ. 1919ರಲ್ಲಿ ಅಕ್ಕ ಕ್ಲಾರಾ ಬಟ್ಟೆಗೆ ಬೆಂಕಿ ಹೊತ್ತಿಕೊಂಡು ಸತ್ತಳು. 1927ರಲ್ಲಿ ತಂದೆ ಇನ್ನೊಂದು ಬೆಂಕಿಯಲ್ಲಿ ತೀವ್ರವಾಗಿ ಸುಟ್ಟುಕೊಂಡರು. ಅಷ್ಟರಲ್ಲಿ ತಾಯಿಯ ನಡವಳಿಕೆಯೇ ಬದಲಾಗಿತ್ತು. ಕೈಕಾಲು ಹಿಡಿತ ತಪ್ಪುತ್ತಿತ್ತು, ಸಿಟ್ಟು ತಡೆಯಲಾಗುತ್ತಿರಲಿಲ್ಲ. ಹುಚ್ಚು ಅಂತ ಅವರನ್ನು ಆಸ್ಪತ್ರೆಗೆ ಸೇರಿಸಿದರು. 1930ರಲ್ಲಿ ಅಲ್ಲೇ ತೀರಿಕೊಂಡರು. ಅದು ಹುಚ್ಚಾಗಿರಲಿಲ್ಲ. ಹಂಟಿಂಗ್ಟನ್ ಎಂಬ ನರರೋಗ, ವಂಶವಾಹಿಯಿಂದ ಬರುವಂಥದ್ದು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಈ ಮಾತು ಮುಂದೆ ಮತ್ತೆ ಬರುತ್ತೆ.

ದೂಳಿನಿಂದ ಅಣೆಕಟ್ಟಿಗೆ

ಹದಿಹರೆಯದ ಕೊನೆಗೆ ವುಡಿ ಟೆಕ್ಸಾಸ್‌ನ ಪಾಂಪಾ ಊರಿಗೆ ತಂದೆಯ ಬಳಿ ಹೋದ. ಬೋರ್ಡು ಬರೆಯೋದು, ಗಿಟಾರ್ ಬಾರಿಸೋದು, ಸಿಕ್ಕಿದ ಪುಸ್ತಕ ಓದೋದು ಇಷ್ಟೇ ಕೆಲಸ. 1933ರಲ್ಲಿ ಮೇರಿ ಜೆನ್ನಿಂಗ್ಸ್ ಜೊತೆ ಮದುವೆಯಾಯಿತು. 1935ರ ಏಪ್ರಿಲ್ 14ರ ಭಾನುವಾರ ಬಯಲಿನ ಮೇಲಿಂದ ಒಂದು ಕಪ್ಪು ಗೋಡೆ ಎದ್ದು ಬಂತು. ದೂಳಿನ ಬಿರುಗಾಳಿ. ಹಗಲಲ್ಲೇ ಕತ್ತಲಾಗಿ, ಜನ ಪ್ರಳಯವೇ ಬಂತು ಅಂದುಕೊಂಡರು. ಟ್ರ್ಯಾಕ್ಟರ್ ತಂದು ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬೆಳೆದಿದ್ದರು, ಮೇಲೆ ಬರಗಾಲ ಬಿತ್ತು, ಮಣ್ಣನ್ನು ಹಿಡಿದಿಡೋಕೆ ಬೇರುಗಳೇ ಇರಲಿಲ್ಲ. ಲಕ್ಷಾಂತರ ರೈತರು ಮನೆಮಠ ಬಿಟ್ಟು ಕ್ಯಾಲಿಫೋರ್ನಿಯಾ ಕಡೆ ಹೊರಟರು. ವುಡಿಯೂ ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟು ಅದೇ ದಾರಿ ಹಿಡಿದ. ಸಂಸಾರದ ವಿಷಯದಲ್ಲಿ ಆತ ಒಳ್ಳೆಯ ಗಂಡನೂ ಆಗಿರಲಿಲ್ಲ, ಹತ್ತಿರವಿದ್ದ ತಂದೆಯೂ ಆಗಿರಲಿಲ್ಲ. ಅದನ್ನು ಮುಚ್ಚಿಡೋಕೆ ಹೋಗಲ್ಲ ನಾವು.

ಲಾಸ್ ಏಂಜಲಿಸ್‌ನ ರೇಡಿಯೋದಲ್ಲಿ ಹಾಡಿ, ವಲಸೆ ಕೂಲಿಗಳ ಶಿಬಿರಗಳಲ್ಲಿ ತಿರುಗಿ, ಎಡಪಂಥೀಯ ಪತ್ರಿಕೆಗೆ ಅಂಕಣ ಬರೆದು, 1940ರಲ್ಲಿ ನ್ಯೂಯಾರ್ಕ್ ತಲುಪಿದ. ಆ ಫೆಬ್ರವರಿಯಲ್ಲೇ ಆತನ ಅತಿ ಪ್ರಸಿದ್ಧ ಹಾಡು 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಹುಟ್ಟಿತು. ಅದೇ ವರ್ಷ ದೂಳಿನ ಹಾಡುಗಳ ಆಲ್ಬಂ 'ಡಸ್ಟ್ ಬೌಲ್ ಬ್ಯಾಲಡ್ಸ್' ಕೂಡ ಬಂತು.

ಮುಂದಿನ ವರ್ಷದ ಕಥೆ ನಮ್ಮಂಥವರಿಗೆ ಖುಷಿ ಕೊಡೋದು. 1941ರ ಮೇ ತಿಂಗಳಲ್ಲಿ ಸರ್ಕಾರದ ವಿದ್ಯುತ್ ಸಂಸ್ಥೆ ಬಾನೆವಿಲ್ ಪವರ್ ಅಡ್ಮಿನಿಸ್ಟ್ರೇಶನ್ ಆತನನ್ನು ಒಂದು ತಿಂಗಳಿಗೆ ಕೆಲಸಕ್ಕೆ ಇಟ್ಟುಕೊಂಡಿತು. ಕೆಲಸ ಏನು ಗೊತ್ತಾ? ಕೊಲಂಬಿಯಾ ನದಿಯ ಅಣೆಕಟ್ಟುಗಳ ಮೇಲೆ ಹಾಡು ಬರೆಯೋದು. ಸಂಬಳ 266 ಡಾಲರ್ 66 ಸೆಂಟ್. ಕಾರಿನಲ್ಲಿ ನದಿಯುದ್ದಕ್ಕೂ ಸುತ್ತಾಡಿ ತಿಂಗಳೊಳಗೆ 26 ಹಾಡು ಬರೆದುಕೊಟ್ಟ. ಟರ್ಬೈನ್, ಕಾಂಕ್ರೀಟು, ಕಲ್ಲು ಕೊರೆಯುವ ಯಂತ್ರ ಎಲ್ಲವೂ ಹಾಡಿನೊಳಗೆ ಬಂದವು. ಅವುಗಳಲ್ಲೊಂದು ಇವತ್ತು ವಾಷಿಂಗ್ಟನ್ ರಾಜ್ಯದ ಅಧಿಕೃತ ಜನಪದ ಗೀತೆ. ಆದರೆ ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ನೀರಿನಲ್ಲಿ ಕೆಟಲ್ ಫಾಲ್ಸ್ ಎಂಬ ಜಲಪಾತ ಮುಳುಗಿತು. ಮೂಲನಿವಾಸಿಗಳು ತಲೆತಲಾಂತರದಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದ ಜಾಗ ಅದು. 1940ರ ಜೂನ್‌ನಲ್ಲಿ ಅವರೆಲ್ಲ ಅಲ್ಲಿ ಸೇರಿ, ಮುಳುಗಲಿರುವ ಜಲಪಾತಕ್ಕಾಗಿ ಕಣ್ಣೀರಿನ ಸಮಾರಂಭವನ್ನೇ ನಡೆಸಿದ್ದರು. ಆ ಅಳು ವುಡಿಯ ಅಣೆಕಟ್ಟಿನ ಹಾಡುಗಳಲ್ಲಿ ಕೇಳಿಸೋದಿಲ್ಲ. ನೊಂದವರ ಪರ ಹಾಡುವವನಿಗೂ ಎಲ್ಲ ನೋವೂ ಕಾಣಲ್ಲ. ಅದರಲ್ಲೂ ಸಂಬಳ ಕೊಡುವವರ ಕಾರಿನಲ್ಲಿ ಕೂತು ನೋಡುವಾಗ.

ಹಡಗಿನ ಹೆಸರು ಎಲ್ಲರಿಗೂ ಗೊತ್ತು

1941ರ ಅಕ್ಟೋಬರ್ 31. ಅಮೆರಿಕ ಇನ್ನೂ ಎರಡನೇ ಮಹಾಯುದ್ಧಕ್ಕೆ ಇಳಿದಿರಲಿಲ್ಲ. ಬ್ರಿಟನ್‌ಗೆ ಸರಕು ಒಯ್ಯುವ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದ ರೂಬೆನ್ ಜೇಮ್ಸ್ ಎಂಬ ಅಮೆರಿಕನ್ ಯುದ್ಧನೌಕೆಯನ್ನು ಐಸ್‌ಲ್ಯಾಂಡ್ ಹತ್ತಿರದ ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿ ಟಾರ್ಪಿಡೋ ಹೊಡೆದು ಮುಳುಗಿಸಿತು. 44 ಮಂದಿ ಬದುಕುಳಿದರು. ಸತ್ತವರು ಸುಮಾರು 100. ಪತ್ರಿಕೆಗಳ ತಲೆಬರಹದಲ್ಲಿ ಹಡಗಿನ ಹೆಸರು ದಪ್ಪಕ್ಷರದಲ್ಲಿ ಬಂತು.

ವುಡಿ ಆಗ ನ್ಯೂಯಾರ್ಕ್‌ನಲ್ಲಿ ಆಲ್ಮನ್ಯಾಕ್ ಸಿಂಗರ್ಸ್ ಎಂಬ ತಂಡದ ಜೊತೆ ಇದ್ದ. ಪೀಟ್ ಸೀಗರ್, ಲೀ ಹೇಸ್, ಮಿಲಾರ್ಡ್ ಲ್ಯಾಂಪೆಲ್ ಆ ತಂಡದವರು. ಸತ್ತವರ ಪಟ್ಟಿ ಇಟ್ಟುಕೊಂಡು ಒಂದೊಂದೇ ಹೆಸರನ್ನು ಚರಣಗಳಲ್ಲಿ ಪೋಣಿಸಲು ವುಡಿ ಕೂತ. ಒಬ್ಬರನ್ನೂ ಬಿಡಬಾರದು ಅನ್ನೋದು ಆತನ ಹಟ. ಗೆಳೆಯರಿಗೆ ದಿಗಿಲಾಯಿತು. ನೂರು ಹೆಸರಿನ ಹಾಡನ್ನು ಯಾರು ಹಾಡ್ತಾರೆ, ಯಾರು ಕೇಳ್ತಾರೆ? ಮಾತುಕತೆಯಾಗಿ ಕೊನೆಗೆ ಒಂದು ದಾರಿ ಸಿಕ್ಕಿತು. ಹೆಸರುಗಳ ಪಟ್ಟಿ ತೆಗೆದು, ಸತ್ತವರ ಹೆಸರೇನು, ಅವರಲ್ಲಿ ನಿಮ್ಮ ಸ್ನೇಹಿತರು ಯಾರಾದರೂ ಇದ್ದರಾ ಅಂತ ವಿಚಾರಿಸುವ ಪಲ್ಲವಿ ಇಟ್ಟರು. ಚರಣಕ್ಕೆ ಮಟ್ಟು ಹೊಸದಾಗಿ ಹುಡುಕಲಿಲ್ಲ, ಕಾರ್ಟರ್ ಫ್ಯಾಮಿಲಿ ತಂಡ ಹಾಡಿ ಜನಕ್ಕೆಲ್ಲ ಬಾಯಿಪಾಠವಾಗಿದ್ದ ಹಳೆಯ ಹಾಡೊಂದರಿಂದ ತೆಗೆದುಕೊಂಡರು.

ಈ ಬದಲಾವಣೆಯ ಬಗ್ಗೆ ನಾವು ಸಂಘದಲ್ಲಿ ಬಹಳ ಹೊತ್ತು ಮಾತಾಡಿದೆವು. ಪಟ್ಟಿ ಇದ್ದಿದ್ದರೆ ಅದು ಕಲ್ಲಿನ ಮೇಲಿನ ಬರಹದ ಹಾಗೆ ಪೂರ್ತಿ ಇರುತ್ತಿತ್ತು, ಆದರೆ ಹಾಡಾಗಿ ಉಳಿಯುತ್ತಿತ್ತೋ ಇಲ್ಲವೋ. ಪ್ರಶ್ನೆ ಕೇಳಿದ್ದರಿಂದ ಹಾಡು ಊರೂರಿಗೆ ಹೋಯಿತು, ಹೆಸರುಗಳು ಮಾತ್ರ ಹಿಂದೆ ಉಳಿದವು. ಹಾಡಿನ ಮೂಲಕ ನೆನಪಿಡುವ ಕೆಲಸದಲ್ಲಿ ಈ ನಷ್ಟ ಯಾವಾಗಲೂ ಇದ್ದದ್ದೇ. ಅದರ ಪೂರ್ತಿ ಪರೀಕ್ಷೆ ಆದದ್ದು ಏಳು ವರ್ಷದ ನಂತರ.

ಮಹಡಿ ಮೆಟ್ಟಿಲಿನ ಹಾಡು

ಯುದ್ಧದ ವರ್ಷಗಳಲ್ಲಿ ವುಡಿ ಸರಕು ಹಡಗುಗಳಲ್ಲಿ ದುಡಿದ. ಟಾರ್ಪಿಡೋ ಏಟು ಏನು ಅನ್ನೋದು ಆತನಿಗೂ ತಗುಲಿತು. ಅದೇ ವರ್ಷಗಳಲ್ಲಿ ಹಳೆಯ ಎರಡು ದುರಂತಗಳ ಮೇಲೆ ಬರೆದ ಹಾಡುಗಳನ್ನು ಮೋಸೆಸ್ ಆಶ್ ಎಂಬ ಪ್ರಕಾಶಕರ ಬಳಿ ಧ್ವನಿಮುದ್ರಿಸಿದ. ಎರಡೂ ಕಾರ್ಮಿಕರ ಮಕ್ಕಳು ಸತ್ತ ಘಟನೆಗಳು.

ಮೊದಲನೆಯದು '1913 ಮ್ಯಾಸಕರ್'. ಮಿಶಿಗನ್ ರಾಜ್ಯದ ಕ್ಯಾಲುಮೆಟ್ ತಾಮ್ರದ ಗಣಿಗಳ ಊರು. 1913ರ ಜುಲೈನಿಂದ ಅಲ್ಲಿ ಮುಷ್ಕರ ನಡೆಯುತ್ತಿತ್ತು. ಡಿಸೆಂಬರ್ 24ರ ಸಂಜೆ ಮುಷ್ಕರ ನಿರತರ ಮಕ್ಕಳಿಗೆ ಕ್ರಿಸ್‌ಮಸ್ ಕೂಟವನ್ನು ಇಟಾಲಿಯನ್ ಹಾಲ್ ಎಂಬ ಕಟ್ಟಡದ ಮಹಡಿಯ ಮೇಲೆ ಏರ್ಪಡಿಸಿದ್ದರು. ಜನ ಕಿಕ್ಕಿರಿದಿದ್ದರು. ಯಾರೋ ಬೆಂಕಿ ಅಂತ ಕೂಗಿದರು. ಬೆಂಕಿ ಎಲ್ಲೂ ಇರಲಿಲ್ಲ. ಹೊರಗೆ ಓಡುವ ಆತುರದಲ್ಲಿ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು, ಉಸಿರುಗಟ್ಟಿ 73 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಬಹಳಷ್ಟು ಮನೆಗಳು ಫಿನ್ಲೆಂಡ್‌ನಿಂದ ಬಂದ ವಲಸಿಗರವು.

ಮದರ್ ಬ್ಲೂರ್ ಎಂದು ಹೆಸರಾಗಿದ್ದ ಕಾರ್ಮಿಕ ನಾಯಕಿಯ ಆತ್ಮಕಥೆಯಲ್ಲಿ ವುಡಿ ಇದನ್ನು ಓದಿದ್ದ. ಹಾಡು ಶುರುವಾಗೋದು ಸಾವಿನಿಂದಲ್ಲ. ನಮ್ಮ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಕೂಟಕ್ಕೆ ಕರೆದುಕೊಂಡು ಹೋಗುತ್ತೆ. ಮಕ್ಕಳು ಮರದ ಸುತ್ತ ಕುಣಿಯೋದನ್ನ, ಹುಡುಗಿಯೊಬ್ಬಳು ಪಿಯಾನೋಗೆ ಕೂರೋದನ್ನ ತೋರಿಸುತ್ತೆ. ಅಷ್ಟೊತ್ತಿಗೆ ನಾವೂ ಅಲ್ಲಿನ ನೆಂಟರ ಹಾಗೆ ಆಗಿರ್ತೀವಿ. ಆಮೇಲೆ ಕೂಗು. ನಾವು ಹತ್ತಿ ಬಂದ ಅದೇ ಮೆಟ್ಟಿಲು ಹೆಣಗಳಿಂದ ತುಂಬುತ್ತೆ. ವುಡಿ ದನಿ ಏರಿಸೋದೇ ಇಲ್ಲ, ಅಳುವುದೂ ಇಲ್ಲ. ಮನೆಗೆ ಬಂದು ನಡೆದದ್ದು ಹೇಳುವವರ ಧಾಟಿಯಲ್ಲಿ ಹಾಡಿ ಮುಗಿಸುತ್ತಾನೆ.

ಇಲ್ಲೊಂದು ತಕರಾರಿದೆ. ಗಣಿ ಮಾಲೀಕರ ಗೂಂಡಾಗಳೇ ಕೂಗಿ, ಹೊರಗಿನಿಂದ ಬಾಗಿಲು ಹಿಡಿದರು ಅನ್ನೋದು ಹಾಡಿನ ಆರೋಪ. ಕೂಗಿದವರು ಯಾರು ಅನ್ನೋದು ವಿಚಾರಣೆಯಲ್ಲಿ ಸಾಬೀತಾಗಲೇ ಇಲ್ಲ. ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ಯಾರಾದರೂ ಹಿಡಿದಿದ್ದರೋ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ಅಂದರೆ ಈ ಹಾಡನ್ನು ತನಿಖಾ ವರದಿ ಅಂತ ಓದಿದರೆ ನಾವು ಎಡವುತ್ತೀವಿ. ಮಕ್ಕಳನ್ನು ಕಳಕೊಂಡ ಮನೆಗಳು ಏನು ನಂಬಿದ್ದವು ಅನ್ನೋದಕ್ಕೆ ಸಾಕ್ಷಿ ಅಂತ ಕೇಳಿದರೆ ಅದು ಗಟ್ಟಿ. 1984ರಲ್ಲಿ ಆ ಕಟ್ಟಡ ಕೆಡವಿದರು. ಬಾಗಿಲಿನ ಕಮಾನು ಮಾತ್ರ ಸ್ಮಾರಕವಾಗಿ ನಿಂತಿದೆ.

ಎರಡನೆಯದು 'ಲಡ್ಲೋ ಮ್ಯಾಸಕರ್'. 1914ರ ಏಪ್ರಿಲ್ 20ರಂದು ಕೊಲರಾಡೋದಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಕಾರ್ಮಿಕರ ಡೇರೆಗಳ ಮೇಲೆ ರಾಜ್ಯದ ಪಡೆ, ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು, ಡೇರೆಗಳಿಗೆ ಬೆಂಕಿ ಬಿತ್ತು. ಗುಂಡಿನಿಂದ ತಪ್ಪಿಸಿಕೊಳ್ಳಲು ಡೇರೆಯ ಅಡಿಯ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಉಸಿರುಗಟ್ಟಿ ಸತ್ತರು. ಇಲ್ಲಿ ಕೊಂದವರು ಯಾರು ಅನ್ನೋದರಲ್ಲಿ ಗುಟ್ಟೇನೂ ಇರಲಿಲ್ಲ. ಈ ಹಾಡಿನಲ್ಲಿ ಸಿಟ್ಟು ಬಚ್ಚಿಡದೆ ಮೇಲೆ ಬರುತ್ತೆ.

ತನ್ನದೇ ಮನೆಯ ಸಾವು

1945ರಲ್ಲಿ ವುಡಿ ನೃತ್ಯಗಾರ್ತಿ ಮಾರ್ಜರಿ ಮಾಜಿಯಾ ಅವರನ್ನು ಮದುವೆಯಾದ. ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ ಮನೆ. ಮಗಳು ಕ್ಯಾಥಿ ಅಂದರೆ ಆತನಿಗೆ ಪ್ರಾಣ. ಆಕೆ ಆಡಿದ ಮಾತುಗಳನ್ನೇ ಹೆಣೆದು ಮಕ್ಕಳ ಹಾಡುಗಳ ಗುಚ್ಛವನ್ನೇ ಮಾಡಿದ. 1947ರ ಫೆಬ್ರವರಿಯಲ್ಲಿ, ನಾಲ್ಕನೇ ಹುಟ್ಟುಹಬ್ಬ ಆಗಿ ಕೆಲವೇ ದಿನಕ್ಕೆ, ಮನೆಯಲ್ಲಿ ವಿದ್ಯುತ್ ತಂತಿಯಿಂದ ಹೊತ್ತಿಕೊಂಡ ಬೆಂಕಿಯಲ್ಲಿ ಕ್ಯಾಥಿ ಸತ್ತಳು. ಅಕ್ಕನನ್ನು ತೆಗೆದುಕೊಂಡ ಬೆಂಕಿ ಮಗಳನ್ನೂ ಬಿಡಲಿಲ್ಲ.

ಇದಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಇನ್ನೊಂದು ಬೆಂಕಿಯ ಸುದ್ದಿ ಬಂತು. ಆಕಾಶದಲ್ಲಿ ಹೊತ್ತಿದ ಬೆಂಕಿ.

ಲಾಸ್ ಗಾಟೋಸ್ ಕಣಿವೆ

1948ರ ಜನವರಿ 28. ಯುದ್ಧಕಾಲದಲ್ಲಿ ಹೊಲದ ಕೆಲಸಕ್ಕೆ ಆಳು ಸಾಲದೆ ಅಮೆರಿಕ 1942ರಲ್ಲಿ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ಕರೆಸಿಕೊಳ್ಳುತ್ತಿತ್ತು. ಅವಧಿ ಮುಗಿದವರನ್ನು, ಕಾಗದಪತ್ರ ಇಲ್ಲದೆ ಬಂದವರನ್ನು ಹಿಡಿದು ವಾಪಸ್ ಕಳಿಸುತ್ತಿತ್ತು. ಅಂಥ 28 ಮೆಕ್ಸಿಕನ್ ಕೂಲಿಗಳನ್ನು ಗಡಿಯ ಕಡೆ ಸಾಗಿಸಲು ವಲಸೆ ಇಲಾಖೆ ಬಾಡಿಗೆಗೆ ಪಡೆದಿದ್ದ ಡಿಸಿ-3 ವಿಮಾನ ಓಕ್ಲೆಂಡ್‌ನಿಂದ ಹೊರಟಿತು. ಕೋಲಿಂಗಾ ಊರಿನ ಪಶ್ಚಿಮಕ್ಕೆ ಲಾಸ್ ಗಾಟೋಸ್ ಕಣಿವೆಯ ಮೇಲೆ ಎಡ ಎಂಜಿನ್‌ಗೆ ಬೆಂಕಿ ಹತ್ತಿತು. ಬೆಂಕಿ ರೆಕ್ಕೆಯ ಬುಡವನ್ನು ತಿಂದು, ರೆಕ್ಕೆಯೇ ಕಳಚಿ ಬಿತ್ತು. ವಿಮಾನದಲ್ಲಿದ್ದ 32 ಜನರೂ ಸತ್ತರು: 28 ಕೂಲಿಗಳು, ಮೂವರು ಸಿಬ್ಬಂದಿ, ಒಬ್ಬ ಇಲಾಖೆಯ ಕಾವಲುಗಾರ. ಇಂಧನ ಪಂಪಿನ ಬಳಿಯ ಸೋರಿಕೆಯೇ ಬೆಂಕಿಗೆ ಕಾರಣ ಅಂತ ತನಿಖೆ ಹೇಳಿತು.

ನಮ್ಮ ತರಗತಿಯಲ್ಲಾದರೆ ಪಾಠ ಇಲ್ಲಿಗೆ ಮುಗಿಯುತ್ತೆ. ಸೋರಿಕೆ, ಕಿಡಿ, ರೆಕ್ಕೆ. ನ್ಯೂಯಾರ್ಕ್‌ನಲ್ಲಿ ಕೂತು ಸುದ್ದಿ ನೋಡಿದ ವುಡಿಗೆ ಕಣ್ಣಿಗೆ ಚುಚ್ಚಿದ್ದು ಬೇರೆ. ಸಿಬ್ಬಂದಿಯ ಹೆಸರಿತ್ತು, ಕಾವಲುಗಾರನ ಹೆಸರಿತ್ತು. ಉಳಿದ 28 ಜನಕ್ಕೆ ಒಂದೇ ಪದ: ಗಡೀಪಾರಾದವರು. ಫ್ರೆಸ್ನೋ ಪಟ್ಟಣದ ಸ್ಮಶಾನದಲ್ಲಿ ಆ 28 ಜನರನ್ನೂ ಒಂದೇ ಗುಂಡಿಯಲ್ಲಿ ಹೂಳಿದರು. ಮೇಲೆ ಇಟ್ಟ ಕಲ್ಲಿನಲ್ಲೂ ಹೆಸರಿರಲಿಲ್ಲ, ವಿಮಾನ ಅಪಘಾತದಲ್ಲಿ ಸತ್ತ 28 ಮೆಕ್ಸಿಕನ್ ಪ್ರಜೆಗಳು ಅನ್ನೋ ಲೆಕ್ಕ ಅಷ್ಟೇ.

ರೂಬೆನ್ ಜೇಮ್ಸ್ ಹೊತ್ತಿನಲ್ಲಿ ವುಡಿ ಕೈಯಲ್ಲಿ ಪಟ್ಟಿಯಾದರೂ ಇತ್ತು. ಈ ಸಲ ಅದೂ ಇಲ್ಲ. ಆತ ಮೆಕ್ಸಿಕನ್ನರ ಮನೆಮನೆಯಲ್ಲೂ ಇರುವಂಥ ಕೆಲವು ಹೆಸರುಗಳನ್ನು ಆರಿಸಿ, ಆ ಹೆಸರುಗಳನ್ನು ಕರೆದು ಬೀಳ್ಕೊಡುವ ಹಾಗೆ ಪದ್ಯ ಬರೆದ. ಹಣ್ಣು ಕೊಯ್ದು ಕೊಟ್ಟವರನ್ನು ಕಳ್ಳರ ಹಾಗೆ ಅಟ್ಟುವ ವ್ಯವಸ್ಥೆಯನ್ನು ಅದರಲ್ಲೇ ಪ್ರಶ್ನಿಸಿದ. 'ಡಿಪೋರ್ಟೀ' ಅಂತ ಈಗ ಪ್ರಸಿದ್ಧವಾದ ಪದ್ಯ ಇದೇ. ವುಡಿ ಇದಕ್ಕೆ ಸರಿಯಾದ ಮಟ್ಟು ಹಾಕಲಿಲ್ಲ. ಸುಮಾರು ಹತ್ತು ವರ್ಷ ಅದು ಕಾಗದದಲ್ಲೇ ಉಳಿದ ಹಾಗಿತ್ತು. ಮಟ್ಟು ಹಾಕಿದ್ದು ಕೊಲರಾಡೋದ ಕಾಲೇಜು ವಿದ್ಯಾರ್ಥಿ ಮಾರ್ಟಿನ್ ಹಾಫ್‌ಮನ್. ಆತ ಹಾಡಿದ್ದನ್ನು ಕೇಳಿದ ಪೀಟ್ ಸೀಗರ್ ಅದನ್ನು ವೇದಿಕೆಗಳಿಗೆ ಒಯ್ದರು. ಆಮೇಲೆ ಜೋನ್ ಬಾಯೆಜ್ ಮುಂತಾದ ಎಷ್ಟೋ ಜನ ಹಾಡಿದರು. ಹಾಡನ್ನು ಬದುಕಿಸಿದ್ದು ನಮ್ಮ ನಿಮ್ಮ ವಯಸ್ಸಿನ ಒಬ್ಬ ವಿದ್ಯಾರ್ಥಿ ಅನ್ನೋದು ನಮಗೆ ಯಾಕೋ ಹೆಮ್ಮೆ ಅನ್ನಿಸುತ್ತೆ.

ತಾಯಿಯ ಕಾಯಿಲೆ

ಆ ಹೊತ್ತಿಗೆ ವುಡಿಯ ಕೈ ಗಿಟಾರ್ ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ. ನಡಿಗೆ ತಡವರಿಸುತ್ತಿತ್ತು, ಮಾತು ತೊದಲುತ್ತಿತ್ತು. ಕುಡಿತ ಅಂತ ಜನ ತಿಳಿದರು. 1952ರಲ್ಲಿ ವೈದ್ಯರು ಹೆಸರು ಹೇಳಿದರು: ಹಂಟಿಂಗ್ಟನ್. ತಾಯಿಗೆ ಬಂದದ್ದೇ. ಆಮೇಲೆ ಫ್ಲೋರಿಡಾದಲ್ಲಿ ಇನ್ನೊಂದು ಬೆಂಕಿ ಅವಘಡದಲ್ಲಿ ತೋಳು ಸುಟ್ಟು, ಬಾರಿಸೋದು ಬಹುತೇಕ ನಿಂತೇ ಹೋಯಿತು. 1956ರಿಂದ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದುಕು. 1961ರ ಜನವರಿಯಲ್ಲಿ 19 ವರ್ಷದ ಬಾಬ್ ಡಿಲನ್ ಹುಡುಕಿಕೊಂಡು ಬಂದು, ಆತನ ಹಾಡುಗಳನ್ನೇ ಆತನಿಗೆ ಹಾಡಿ ಕೇಳಿಸಿದ. ಡಿಲನ್ ತನ್ನ ಮೊದಲ ಆಲ್ಬಂನಲ್ಲಿ ವುಡಿಗೆ ಅರ್ಪಿಸಿದ ಹಾಡಿಗೆ ಬಳಸಿದ್ದು ಕ್ಯಾಲುಮೆಟ್ ಮಕ್ಕಳ ಹಾಡಿನ ಮಟ್ಟನ್ನೇ.

1967ರ ಅಕ್ಟೋಬರ್ 3ರಂದು, 55ನೇ ವಯಸ್ಸಿಗೆ ವುಡಿ ತೀರಿಕೊಂಡ. ವಿಚ್ಛೇದನ ಆಗಿದ್ದರೂ ಕೊನೆಯವರೆಗೆ ನೋಡಿಕೊಂಡ ಮಾರ್ಜರಿ, ಅದೇ ವರ್ಷ ಈ ಕಾಯಿಲೆಯ ವಿರುದ್ಧ ಒಂದು ಸಂಸ್ಥೆ ಕಟ್ಟಿದರು. ಹುಚ್ಚು, ಕುಡಿತ ಅಂತೆಲ್ಲ ಕರೆಸಿಕೊಂಡ ಕಾಯಿಲೆಗೆ ಅದರ ನಿಜವಾದ ಹೆಸರನ್ನು ಜನರ ಬಾಯಿಗೆ ತಂದದ್ದು ಅವರ ದೊಡ್ಡ ಕೆಲಸ. ಕಾರಣವಾದ ಜೀನ್ 1993ರಲ್ಲಿ ಪತ್ತೆಯಾಯಿತು. ಅಷ್ಟರೊಳಗೆ ವುಡಿಯ ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳನ್ನೂ ಅದು ತೆಗೆದುಕೊಂಡಿತ್ತು.

65 ವರ್ಷದ ನಂತರ

ಲಾಸ್ ಗಾಟೋಸ್ ಕಥೆ ವುಡಿಯ ಜೊತೆ ಮುಗಿಯಲಿಲ್ಲ. ಟಿಮ್ ಹರ್ನಾಂಡೆಝ್ ಎಂಬ ಲೇಖಕ, ತಾವೂ ಹೊಲದ ಕೂಲಿಗಳ ಮನೆತನದವರು, ಹಾಡು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರು. ಸ್ಮಶಾನದ ದಾಖಲೆಗಳಲ್ಲಿ ಹೆಸರುಗಳು ತಪ್ಪುತಪ್ಪಾಗಿ ಇದ್ದವು. ಅಪಘಾತದ ದಿನಗಳಲ್ಲಿ ಒಂದು ಸ್ಥಳೀಯ ಸ್ಪ್ಯಾನಿಷ್ ಪತ್ರಿಕೆ ಹೆಸರುಗಳನ್ನು ಪ್ರಕಟಿಸಿತ್ತು ಅನ್ನೋದೂ ಗೊತ್ತಾಯಿತು. ಹೆಸರು ಇತ್ತು, ದೊಡ್ಡ ಪತ್ರಿಕೆಗಳವರೆಗೆ ಮುಟ್ಟಲಿಲ್ಲ ಅಷ್ಟೇ. ಕಾಗುಣಿತ ತಿದ್ದಿ, ಮೆಕ್ಸಿಕೋದಲ್ಲಿದ್ದ ಬಂಧುಗಳನ್ನು ಹುಡುಕಿ, ಸ್ಮಶಾನದವರ ಜೊತೆಗೂಡಿ ಹಣ ಕೂಡಿಸಿದರು. 2013ರ ಸೆಪ್ಟೆಂಬರ್ 2ರಂದು, ಆ ದೇಶದ ಕಾರ್ಮಿಕರ ದಿನ, 28 ಹೆಸರುಗಳನ್ನೂ ಕೆತ್ತಿದ ಹೊಸ ಕಲ್ಲನ್ನು ಅಲ್ಲಿ ನಿಲ್ಲಿಸಿದರು.

ಇಂಧನ ಪಂಪಿನ ಸೋರಿಕೆಯ ವರದಿ ಬೇಡ ಅಂತ ನಾವು ಹೇಳ್ತಿಲ್ಲ. ಅದರಿಂದ ಮುಂದಿನ ವಿಮಾನಗಳಲ್ಲಿ ಕೂತವರ ಜೀವ ಉಳಿಯುತ್ತೆ, ನಾವು ಕಲಿಯುತ್ತಿರುವ ವಿದ್ಯೆಯೂ ಅದೇ. ಆದರೆ ಆ ವರದಿ ಬರೆದು ಮುಗಿದ ಮೇಲೂ 28 ಮನೆಗಳ ಲೆಕ್ಕ ಬಾಕಿ ಇತ್ತು. ಸರಿಯಾದ ಒಂದು ಹೆಸರೂ ಗೊತ್ತಿಲ್ಲದೆ ಬರೆದ ಹಾಡೊಂದು ಆ ಬಾಕಿಯನ್ನು ಮರೆಯೋಕೆ ಬಿಡಲಿಲ್ಲ. ಕಲ್ಲು ಅನಾವರಣವಾದ ದಿನ ಆ ಹೆಸರುಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಓದಿದರು. ರೂಬೆನ್ ಜೇಮ್ಸ್ ಹಾಡಿನಲ್ಲಿ ವುಡಿಗೆ ಮಾಡಲಾಗದೆ ಉಳಿದಿದ್ದ ಕೆಲಸ ಅದೇ.